ನ್ಯೂಟ್ರಾನ್ ತಾರೆಗೆ ಬಿದ್ದ ಕೆಂಪು ಸುತ್ತು

ನಮ್ಮ ಅತ್ತೆಯ ಕಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯಲ್ಲಿ ಯಾರಿಗೂ ನೆಮ್ಮದಿ ಉಳಿಯಲಿಲ್ಲ. ಎರಡು ವರ್ಷ ಮಸುಕಾಗಿದ್ದ ಜಗತ್ತು ಅವರಿಗೆ ಏಕಾಏಕಿ ಸ್ವಚ್ಛವಾಗಿ ಕಾಣತೊಡಗಿತು, ಮತ್ತು ಅದರ ತುಂಬ ತಪ್ಪುಗಳೇ ಇದ್ದವು. ಬೋಗುಣಿಯ ತಳದ ಜಿಡ್ಡು, ಕಿಟಕಿಯ ಮೂಲೆಯ ಜೇಡರ ಬಲೆ, ನನ್ನ ಬೈತಲೆಯ ಬಿಳಿಕೂದಲು, ಯಾವುದೂ ತಪ್ಪಿಸಿಕೊಳ್ಳಲಿಲ್ಲ. ಅದು ಮುಗಿದ ಮೇಲೆ ಓದಲು ಶುರುಮಾಡಿದರು. ದಿನಪತ್ರಿಕೆ, ಕ್ಯಾಲೆಂಡರಿನ ಹಿಂಬದಿ, ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿ. ಬರೀ ಓದಿದ್ದರೆ ನನ್ನ ತಕರಾರಿರಲಿಲ್ಲ. ಕೈಯಲ್ಲಿ ಕೆಂಪು ಪೆನ್ನು ಹಿಡಿದು ಓದುತ್ತಿದ್ದರು.

ಶಿರಗುಪ್ಪಿಯ ಕಡೆಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು ಅವರು. ಆ ಊರುಗಳವರಿಗೆ ಇವತ್ತಿಗೂ ಅವರು ‘ಗಣಿತದ ಬಾಯಾರು’, ಅಂದರೆ ಗಣಿತದ ಮೇಡಂ. ಹಳೇ ಹುಬ್ಬಳ್ಳಿಯ ನಮ್ಮ ಓಣಿಯವರೊಬ್ಬರು ಮಗಳ ಮದುವೆಗೆ ಕರೆಯಲು ಬಂದಾಗ, ಚಹಾ ಆಗುವಷ್ಟರಲ್ಲಿ ಆಮಂತ್ರಣ ಪತ್ರಿಕೆಯನ್ನು ತಿದ್ದಿ, ಅವರ ಕೈಗೇ ವಾಪಸು ಕೊಟ್ಟರು. ಐದು ತಪ್ಪುಗಳಿದ್ದವು. ಆ ಮನುಷ್ಯ ಅದನ್ನು ಹಿಡಿದುಕೊಂಡು ಚಹಾ ಕುಡಿಯದೆಯೇ ಹೋದರು. ನಾವು ಮದುವೆಗೆ ಹೋದೆವು, ಆದರೆ ಯಾರೂ ನಮ್ಮನ್ನು ಎರಡನೇ ಸಲ ಊಟಕ್ಕೆ ಒತ್ತಾಯಿಸಲಿಲ್ಲ.

ಅದೇ ದಿನಗಳಲ್ಲಿ ನಾನು ಬೇರೆ ಸಂಕಟದಲ್ಲಿದ್ದೆ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತ, ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆ. ಮಾಡುತ್ತಿದ್ದೆ ಎಂಬುದು ದೊಡ್ಡ ಮಾತಾಯಿತು. ಕೊಟ್ಟ ಅವಧಿ ಮುಗಿದು, ಅದರ ಮೇಲಿನ ಎರಡು ವಿಸ್ತರಣೆಯೂ ಮುಗಿಯುತ್ತ ಬಂದಿತ್ತು. ಪ್ರಬಂಧ ಸಲ್ಲಿಸಲು ಇನ್ನು ಒಂದು ತಿಂಗಳಷ್ಟೇ ಉಳಿದಿತ್ತು. ಆ ದಿನ ದಾಟಿದರೆ ನೋಂದಣಿ ರದ್ದು, ಏಳು ವರ್ಷದ ಕೆಲಸ ರದ್ದಿಗೆ. ನನ್ನ ಮಾರ್ಗದರ್ಶಕರೂ ಅದೇ ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಇನ್ನೊಬ್ಬರ ಬಳಿ ಮತ್ತೆ ಮೊದಲಿನಿಂದ ಶುರುಮಾಡುವ ವಯಸ್ಸೂ ನನ್ನದಲ್ಲ, ಸ್ವಭಾವವೂ ನನ್ನದಲ್ಲ.

ನನ್ನ ವಿಷಯ ನ್ಯೂಟ್ರಾನ್ ತಾರೆ. ದೊಡ್ಡ ನಕ್ಷತ್ರವೊಂದು ಸತ್ತು ಕುಸಿದ ಮೇಲೆ ಉಳಿಯುವ ಗಟ್ಟಿ ಉಂಡೆ ಅದು. ತೂಕ ಸೂರ್ಯನಿಗಿಂತ ಹೆಚ್ಚು, ಅಡ್ಡಳತೆ ಮಾತ್ರ ಹುಬ್ಬಳ್ಳಿಯಿಂದ ಧಾರವಾಡದಷ್ಟು. ಇಷ್ಟಿದ್ದೂ ಕೆಲವು ತಾರೆಗಳು ಒಂದು ಸೆಕೆಂಡಿಗೆ ನೂರಾರು ಸುತ್ತು ತಿರುಗುತ್ತವೆ. ಅದೇ ದೂರವನ್ನು ಒಂದು ಸಲ ದಾಟಲು ನನಗೆ ಬಸ್ಸಿನಲ್ಲಿ ನಿಂತು ಮುಕ್ಕಾಲು ತಾಸು ಬೇಕಾಗುತ್ತಿತ್ತು. ಹಾಗಾಗಿ ಆ ತಾರೆಗಳ ಮೇಲೆ ನನಗೆ ಮೊದಲಿನಿಂದಲೂ ಸ್ವಲ್ಪ ಹೊಟ್ಟೆಕಿಚ್ಚು.

ಹೀಗೆ ತಿರುಗುವ ತಾರೆಯ ಒಡಲಿನಲ್ಲಿ ಅಲೆಗಳೇಳುತ್ತವೆ. ಅವುಗಳಲ್ಲಿ ಕೆಲವು, ತಾರೆ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಓಡುತ್ತವೆ. ಆದರೆ ತಾರೆಯ ವೇಗ ಎಷ್ಟೆಂದರೆ, ದೂರದಿಂದ ನೋಡುವವರಿಗೆ ಆ ಅಲೆಯೂ ಮುಂದಕ್ಕೇ ಹೋಗುತ್ತಿರುವಂತೆ ಕಾಣುತ್ತದೆ. ಧಾರವಾಡದ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡುತ್ತ ಹಿಂದಿನ ಸೀಟುಗಳ ಕಡೆಗೆ ನಡೆದರೂ, ರಸ್ತೆಯಲ್ಲಿ ನಿಂತವರ ಕಣ್ಣಿಗೆ ಆತ ಧಾರವಾಡಕ್ಕೇ ಹೋಗುತ್ತಿರುತ್ತಾನಲ್ಲ, ಹಾಗೆ. ಇಂಥ ಅಲೆಯಿಂದ ಗುರುತ್ವ ಅಲೆಗಳು ಹೊರಡುತ್ತವೆ. ಅಂದರೆ ತಾರೆಯ ಸುತ್ತಲಿನ ಖಾಲಿ ಜಾಗವೇ ಸಣ್ಣಗೆ ನಡುಗಿ, ಆ ನಡುಕ ದೂರ ದೂರಕ್ಕೆ ಹರಡುತ್ತದೆ. ಹೋಗುವಾಗ ಅದು ತಾರೆಯ ಮುಂದಕ್ಕಿನ ತಿರುಗಾಟದಲ್ಲಿ ಸ್ವಲ್ಪ ಎತ್ತಿಕೊಂಡು ಹೋಗುತ್ತದೆ. ಹಿಂದಕ್ಕೆ ಓಡುವ ಅಲೆಗೆ ಅದರಿಂದ ಸೊರಗುವ ಬದಲು ಬಲವೇ ಬರುತ್ತದೆ. ಹೊರಗೆ ಕಳಿಸಿದಷ್ಟೂ ಅದು ಬೆಳೆಯುತ್ತದೆ. ಅದಕ್ಕೆ ಅಡ್ಡ ನಿಲ್ಲುವುದು ತಾರೆಯೊಳಗಿನ ಘರ್ಷಣೆ. ಗುರುತ್ವ ಅಲೆ ಎಬ್ಬಿಸುತ್ತದೆ, ಘರ್ಷಣೆ ಕೂರಿಸುತ್ತದೆ. ಇಬ್ಬರಲ್ಲಿ ಯಾರು ಗೆಲ್ಲುತ್ತಾರೆ ಎಂಬುದೇ ನನ್ನ ಏಳು ವರ್ಷದ ಲೆಕ್ಕ.

ನಾಲ್ಕನೇ ಅಧ್ಯಾಯದಲ್ಲಿ ನಾನು ತಾರೆಯ ಗಟ್ಟಿ ತೊಗಟೆಗೂ ಒಳಗಿನ ದ್ರವಕ್ಕೂ ನಡುವೆ ಆಗುವ ಘರ್ಷಣೆಯನ್ನು ಹೊಸ ರೀತಿಯಲ್ಲಿ ಲೆಕ್ಕ ಹಾಕಿದ್ದೆ. ಉತ್ತರ ನೋಡಿ ನನಗೇ ಬೆರಗಾಯಿತು. ಕೂರಿಸಬೇಕಾದ ಘರ್ಷಣೆ ಅಲೆಯನ್ನು ಎಬ್ಬಿಸುತ್ತಿತ್ತು! ಕೆಲವು ಸಂದರ್ಭಗಳಲ್ಲಿ ಘರ್ಷಣೆ ಹೀಗೆ ಉಲ್ಟಾ ಹೊಡೆಯುವುದುಂಟು ಎಂದು ಮೊದಲೇ ಗೊತ್ತಿದ್ದುದರಿಂದ, ಇದು ಹುಚ್ಚು ಮಾತು ಅಂತಲೂ ಅನ್ನಿಸಲಿಲ್ಲ. ಮಾರ್ಗದರ್ಶಕರು ಖುಷಿಯಿಂದ ಕುರ್ಚಿ ಬಿಟ್ಟು ಎದ್ದರು. ಸಿನಾಪ್ಸಿಸ್‌ನಲ್ಲಿ, ಅಂದರೆ ಪರೀಕ್ಷಕರಿಗೆ ಮೊದಲೇ ಕಳಿಸುವ ಸಾರಾಂಶದಲ್ಲಿ, ಅದನ್ನೇ ಮೊದಲ ಪುಟಕ್ಕೆ ಹಾಕಿಸಿದರು. ಬೀಳ್ಕೊಡುಗೆಯ ದಿನ ಮಾಡಬೇಕಾದ ಭಾಷಣಕ್ಕೂ ಅದನ್ನೇ ಇಟ್ಟುಕೊಂಡರು. ಕ್ಯಾಂಟೀನಿನಲ್ಲಿ ಸಿಕ್ಕ ಇತಿಹಾಸದ ಪ್ರಾಧ್ಯಾಪಕರಿಗೂ ಹೇಳಿದರು. ಅವರು ಮಿರ್ಚಿ ಭಜಿ ತಿನ್ನುತ್ತ ‘ಹೌದಾ?’ ಅಂದರು.

ಒಂದು ರವಿವಾರ ಬೆಳಿಗ್ಗೆ ನಾನು ಪ್ರಬಂಧದ ಕರಡನ್ನು ನೆಲದ ಮೇಲೆ ಹರವಿಕೊಂಡು ಕೂತಿದ್ದೆ. ಅತ್ತೆ ಬಂದು ನಿಂತರು.

“ಏನರ ಓದಾಕ ಕೊಡವಾ. ಕಣ್ಣು ಸುಮ್ನ ಕುಂತಾವ.”

“ಇದು ಇಂಗ್ಲಿಷಿನ್ಯಾಗ ಐತ್ರಿ ಅತ್ತೀ.”

“ಲೆಕ್ಕಾನೂ ಇಂಗ್ಲಿಷಿನ್ಯಾಗ ಅದಾವೇನು?”

ಮಾತು ಬೆಳೆಸಿದರೆ ಅರ್ಧ ದಿನ ಹೋಗುತ್ತದೆ ಎಂದು, ಕೈಗೆ ಸಿಕ್ಕ ಅಧ್ಯಾಯವನ್ನು ಎತ್ತಿ ಕೊಟ್ಟೆ. ಸಿಕ್ಕಿದ್ದು ನಾಲ್ಕನೆಯದು. ಅವರು ಅದನ್ನು ಹಿಡಿದು ಪಡಸಾಲೆಯ ಮಂಚದ ಮೇಲೆ ಕೂತು, ಪೆನ್ನಿನ ಟೊಪ್ಪಿಗೆ ತೆಗೆದರು. ನಾನು ಮನಸ್ಸಿನಲ್ಲೇ ನಕ್ಕೆ. ಈಗ ನೆನೆದರೆ ಆ ನಗುವಿಗೆ ನಾಚಿಕೆಯಾಗುತ್ತದೆ.

ಅವರು ಓದುವ ಕ್ರಮ ಹೀಗಿತ್ತು. ಇಂಗ್ಲಿಷ್ ಬಂದಲ್ಲಿ ಬಿಟ್ಟು ಮುಂದಿನ ಸಮೀಕರಣಕ್ಕೆ ಹೋಗುವುದು. ಗ್ರೀಕ್ ಅಕ್ಷರಗಳಿಗೆ ತಾವೇ ಹೆಸರಿಟ್ಟುಕೊಂಡಿದ್ದರು. ಆಲ್ಫಾ ಅಂದರೆ ಮೀನ, ದೊಡ್ಡ ಒಮೆಗಾ ಅಂದರೆ ಲಾಳ. ಮೇಲಿನ ಸಾಲಿನ ಮೀನ ಕೆಳಗಿನ ಸಾಲಿಗೆ ಬಂತೇ, ಲಾಳದ ತಲೆಯ ಮೇಲಿನ ಎರಡು ಎಲ್ಲಿಗೆ ಹೋಯಿತು, ಕಂಸ ತೆರೆದವಳು ಮುಚ್ಚಿದಳೇ, ಇಷ್ಟೇ ಅವರ ವಿಚಾರಣೆ. ಸರಿಯಿದ್ದರೆ ಸಾಲಿನ ಮುಂದೆ ಒಂದು ಕೆಂಪು ರೈಟು. ಮಕ್ಕಳ ವಹಿಗಳನ್ನು ಮೂವತ್ತು ವರ್ಷ ಹೀಗೇ ತಿದ್ದಿದ್ದರು, ತಾರೆಗಾಗಿ ಪದ್ಧತಿ ಬದಲಿಸುವ ಕಾರಣ ಅವರಿಗೆ ಕಾಣಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಕರೆದರು. ಒಂದು ಪುಟದ ನಡುವೆ ಕೆಂಪು ಸುತ್ತು ಬಿದ್ದಿತ್ತು.

“ನೋಡಿಲ್ಲೆ. ಈ ಸಾಲಿನ್ಯಾಗ ಮೀನದ ಮುಂದ ಕಳಿಯೂ ಗುರ್ತು ಐತಿ. ಕೆಳಗಿನ ಸಾಲಿಗೆ ಮೀನ ಬಂದೈತಿ, ಗುರ್ತು ಬಂದಿಲ್ಲ. ಎಲ್ಲಿ ಹೋತು?”

ನಾನು ಬಾಯಿ ತೆರೆದೆ. ಮಾತಿಗೆ ಮಾತು ಕೊಡುವುದರಲ್ಲಿ ನಾನೆಂದೂ ಹಿಂದೆ ಬಿದ್ದವಳಲ್ಲ. ‘ಇದು ಮೂರನೇ ಕ್ಲಾಸಿನ ಗಣಿತ ಅಲ್ರಿ’ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ಅಷ್ಟರಲ್ಲಿ ಕಣ್ಣು ಆ ಸಾಲಿಗೆ ಹೋಯಿತು. ಮೇಲಿನ ಸಾಲು ನೋಡಿದೆ, ಕೆಳಗಿನದು ನೋಡಿದೆ. ಬಾಯಿ ಮುಚ್ಚಿದೆ. ಪುಟವನ್ನು ಅವರ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಅಲ್ಲಿ ಒಂದು ಮೈನಸ್ ಇರಬೇಕಿತ್ತು. ಇರಲಿಲ್ಲ. ನಾನು ಸಮೀಕರಣವನ್ನು ವಹಿಯಿಂದ ಎತ್ತಿ ಬರೆಯುವಾಗ ಬಿಟ್ಟಿದ್ದೆ, ಕಂಪ್ಯೂಟರಿಗೂ ಹಾಗೇ ಬಿಟ್ಟ ಸಾಲನ್ನೇ ಕೊಟ್ಟಿದ್ದೆ. ಮೈನಸ್ ಇದ್ದರೆ ಘರ್ಷಣೆ ಎಲ್ಲ ಮರ್ಯಾದಸ್ಥ ಘರ್ಷಣೆಗಳ ಹಾಗೆ ಅಲೆಯನ್ನು ಕೂರಿಸುತ್ತದೆ. ನನ್ನ ಮಹಾಶೋಧ ಅಂದರೆ ಆ ಬಿಟ್ಟುಹೋದ ಗೆರೆ, ಅಷ್ಟೇ.

ಆಮೇಲಿನ ಎಂಟು ದಿನ ನಾನು ಅತ್ತೆಯ ಜೊತೆ ಮಾತಾಡಲಿಲ್ಲ. ಸಿಟ್ಟು ಅವರ ಮೇಲಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ, ಆದರೆ ಅವರ ತಾಟಿಗೆ ಬಡಿಸುವಾಗ ಚಮಚ ಯಾಕೋ ಜೋರಾಗಿ ಸಪ್ಪಳ ಮಾಡುತ್ತಿತ್ತು. ನನ್ನ ಗಂಡ ಎರಡು ದಿನ ನೋಡಿ, ಮೂರನೇ ದಿನ “ಏನಾಗೇತಿ ನಿಮ್ಮಿಬ್ಬರಿಗೆ?” ಎಂದು ಕೇಳಿದರು. “ಏನಿಲ್ಲ” ಅಂದೆ. ಅವರು ಇದು ಅಡುಗೆಮನೆಯ ಜಗಳವೆಂದು ತಾವೇ ತೀರ್ಮಾನಿಸಿ ಸಂಜೆ ಒಂದು ಹೊಸ ಮಿಕ್ಸರ್ ತಂದಿಟ್ಟರು.

ಆ ಎಂಟು ದಿನ ನಾನು ಮಾಡಿದ್ದನ್ನು ನಮ್ಮ ಕಸುಬಿನವರು ಮಾತ್ರ ಮಾಡುತ್ತಾರೆ. ಇನ್ನೊಂದು ತಪ್ಪು ಸಿಗಲಿ ಎಂದು ದೇವರನ್ನು ಬೇಡಿಕೊಂಡೆ. ಬೇರೆಲ್ಲಾದರೂ ಇನ್ನೊಂದು ಮೈನಸ್ ಬಿಟ್ಟುಹೋಗಿದ್ದರೆ ಎರಡೂ ಸೇರಿ ಸರಿಹೋಗುತ್ತವೆ, ಉತ್ತರ ಮೊದಲಿದ್ದಂತೆಯೇ ಉಳಿಯುತ್ತದೆ. ತಪ್ಪು ಒಂದೇ ಆದರೆ ನಾನು ಕೆಟ್ಟೆ, ಎರಡಾದರೆ ಬದುಕಿದೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಒಲೆಯ ಮುಂದೆ ಹುಡುಕಿದೆ. ಸಿಗಲಿಲ್ಲ. ನನ್ನ ಕಣ್ಣಿನ ಮೇಲೆ ನನಗೇ ಭರವಸೆ ಹೋಗಿತ್ತು. ಕೊನೆಗೆ ಮಾನ ಬಿಟ್ಟು, ಅತ್ತೆ ಸ್ನಾನಕ್ಕೆ ಹೋದಾಗ ಎರಡನೇ ಅಧ್ಯಾಯವನ್ನು ಅವರ ಮಂಚದ ಮೇಲೆ ಇಟ್ಟು ಬಂದೆ.

ಅವರೂ ಏನೂ ಕೇಳಲಿಲ್ಲ. ಮರುದಿನ ಅದು ನನ್ನ ಮೇಜಿನ ಮೇಲಿತ್ತು. ಮೊದಲಿನಿಂದ ಕೊನೆಯವರೆಗೆ ಕೆಂಪು ರೈಟುಗಳು, ಕೊನೆಯಲ್ಲಿ ‘ಸರಿ’ ಎಂದು ಬರೆದು ಸಹಿ, ತಾರೀಖು. ಮೂರನೆಯದನ್ನು ಇಟ್ಟೆ. ಅದೂ ರೈಟು ರೈಟು ರೈಟು. ಒಂದು ರೈಟು ಕಂಡಾಗ ಅಷ್ಟು ದುಃಖವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಐದನೇ ಅಧ್ಯಾಯದ ನಡುವೆ ಒಂದು ಕೆಂಪು ಸುತ್ತು ಕಂಡಿತು. ಕಿಟಕಿಗೆ ಓಡಿದೆ. ಬೆಳಕಿಗೆ ಹಿಡಿದು ನೋಡಿದರೆ ಚಹಾದ ಕಲೆಯ ಸುತ್ತ ಸುತ್ತು ಹಾಕಿ, ಪಕ್ಕದಲ್ಲಿ ‘ಸ್ವಚ್ಛತೆ’ ಎಂದು ಬರೆದಿದ್ದರು.

ಒಂಬತ್ತನೇ ದಿನ ಧಾರವಾಡಕ್ಕೆ ಹೋದೆ. ಮಾರ್ಗದರ್ಶಕರು ತಮ್ಮ ಕೋಣೆಯ ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗಳಿಗೆ ತುಂಬುತ್ತಿದ್ದರು. ಪುಟವನ್ನು ಮುಂದೆ ಹಿಡಿದೆ. ಅವರು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇನ್ನೊಂದು ಮೈನಸ್ ಎಲ್ಲ್ಯರ ಕಳದಿರಬೇಕು ನೋಡ್ರಿ,” ಅಂದರು.

“ಇಲ್ರಿ ಸರ್. ಎಲ್ಲಾ ಅಧ್ಯಾಯ ನೋಡಿಸೀನಿ.”

“ಯಾರ ಕಡಿಂದ?”

“ನಮ್ಮ ಅತ್ತಿ ಕಡಿಂದ್ರಿ. ಇದನ್ನ ಹಿಡದವ್ರೂ ಅವರ.”

“ಅವರು ಭೌತಶಾಸ್ತ್ರದಾಗ ಏನು ಮಾಡ್ಯಾರ?”

“ಏಳನೇ ಕ್ಲಾಸಿನ ತನಕ ಗಣಿತ ಕಲಿಸ್ಯಾರ್ರಿ.”

ಅವರು ಮೆಲ್ಲಗೆ ಪುಸ್ತಕದ ಪೆಟ್ಟಿಗೆಯ ಮೇಲೆ ಕೂತರು. ಪೆಟ್ಟಿಗೆ ಒಂದು ಕಡೆ ಕುಸಿಯಿತು, ಆದರೂ ಏಳಲಿಲ್ಲ. “ನಾ ಬರೇ ಮಾತು ಓದೀನ್ರಿ,” ಅಂದರು. “ಲೆಕ್ಕಾ ನಿಮ್ಮ ಮ್ಯಾಲೆ ಭರವಸಿ ಇಟ್ಟು ಬಿಟ್ಟೆ. ಅವರು ಮಾತು ಬಿಟ್ಟು ಲೆಕ್ಕಾ ಓದ್ಯಾರ.” ಪುಟವನ್ನು ನನಗೆ ವಾಪಸು ಕೊಡುತ್ತ, “ಹಿಂಗ ಕೊಟ್ರೂ ಯಾರೂ ನೋಡೂದಿಲ್ಲ ಬಿಡ್ರಿ,” ಅಂದರು. ಅಂದ ಕೂಡಲೇ ಅವರಿಗೇ ಕಸಿವಿಸಿಯಾಯಿತು. ನಾನೂ ಆ ಮಾತಿಗೆ ಒಂದು ನಿಮಿಷ ಜೋತುಬಿದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಎಲ್ಲ ಗೊತ್ತಿದ್ದೂ ತಪ್ಪು ತಾರೆಯನ್ನು ಪುಸ್ತಕಕ್ಕೆ ಹೊಲಿಸಿ ಕೊಡುವುದು ಸುಲಭವಿತ್ತು. ಆದರೆ ಮನೆಯಲ್ಲಿ ಆ ಪುಟ ಕಂಡವರೊಬ್ಬರಿದ್ದರು. ದಿನಾ ಅವರಿಗೆ ರೊಟ್ಟಿ ಬಡಿಸಬೇಕಿತ್ತು.

“ತಿದ್ದತೇನ್ರಿ ಸರ್,” ಅಂದೆ.

“ತಿದ್ದ್ರಿ. ಆದ್ರ ಸಿನಾಪ್ಸಿಸ್‌ದಾಗ ಒಂದು, ಪ್ರಬಂಧದಾಗ ಇನ್ನೊಂದು ಅಂದ್ರ ಪರೀಕ್ಷಕರು ಸುಮ್ನ ಬಿಡೂದಿಲ್ಲ. ಫೇಲ್ ಮಾಡಿದ್ರೂ ಮಾಡಬಹುದು. ಕೇಳಿದ್ರ, ಇನ್ನಷ್ಟು ಸೂಕ್ಷ್ಮ ವಿಶ್ಲೇಷಣೆ ಮಾಡಿದ ಮ್ಯಾಲೆ ಹಿಂಗ ಬಂತು ಅಂತ ಹೇಳ್ರಿ. ಮುಂದಿಂದು ದೇವರು.”

ಉಳಿದ ಇಪ್ಪತ್ತು ದಿನ ನಾನು ಏನು ತಿಂದೆನೋ ಏನು ಉಟ್ಟೆನೋ ನೆನಪಿಲ್ಲ. ಮೈನಸ್ ಹಾಕಿ ಕಂಪ್ಯೂಟರನ್ನು ಮತ್ತೆ ಓಡಿಸಿದೆ. ಗ್ರಾಫಿನಲ್ಲಿ ಮೇಲಕ್ಕೇರುತ್ತಿದ್ದ ಗೆರೆ ಈಗ ಕೆಳಕ್ಕಿಳಿದು ಮಲಗಿತು. ನನ್ನ ಹೊಸ ಘರ್ಷಣೆ ಅಲೆಯನ್ನು ಮೊದಲು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಕೂರಿಸುತ್ತಿತ್ತು. ಅಲೆ ಬೆಳೆದಂತೆಲ್ಲ ತಾರೆಯ ವೇಗ ಇಳಿಯಬೇಕು. ಹಾಗಿದ್ದೂ ಆಕಾಶದಲ್ಲಿ ಅಷ್ಟು ಜೋರಾಗಿ ತಿರುಗುವ ತಾರೆಗಳು ಏಕೆ ಉಳಿದಿವೆ ಎಂದು ಬಹಳ ಜನ ತಲೆಕೆಡಿಸಿಕೊಂಡಿದ್ದಾರೆ. ನನ್ನ ಉತ್ತರ ಆ ಪ್ರಶ್ನೆಗೆ ಒಂದು ಸಣ್ಣ ಆಸರೆಯಾಗುತ್ತಿತ್ತು, ಅಷ್ಟೇ. ಭಾಷಣ ಮಾಡುವಂಥದ್ದೇನೂ ಅಲ್ಲ. ಮಾರ್ಗದರ್ಶಕರು ಬೀಳ್ಕೊಡುಗೆಯ ದಿನ ತಾರೆಗಳನ್ನು ಬಿಟ್ಟು ಸಮಯಪಾಲನೆಯ ಬಗ್ಗೆ ಮಾತಾಡಿದರು. ಕೊನೆಯ ದಿನದ ಮಧ್ಯಾಹ್ನ ನಾನು ಪ್ರಬಂಧ ಸಲ್ಲಿಸಿದೆ.

ಅಷ್ಟರಲ್ಲಿ ಅತ್ತೆಯ ಜೊತೆ ಮಾತು ಮತ್ತೆ ಶುರುವಾಗಿತ್ತು. ಉಪ್ಪು, ಹಾಲು, ಕರೆಂಟು, ಇಂಥವು. ಮೈನಸ್ಸಿನ ಬಗ್ಗೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ‘ನೀವು ಹೇಳಿದ್ದು ಖರೇ ಇತ್ತು’ ಅನ್ನಲು ಮೂರು ಸಲ ಪಡಸಾಲೆಗೆ ಹೋದೆ. ಮೂರು ಸಲವೂ ‘ಚಹಾ ಮಾಡ್ಲೇನ್ರಿ?’ ಎಂದು ಕೇಳಿ ಬಂದೆ.

ಕೆಲವು ತಿಂಗಳಾದ ಮೇಲೆ ಮೌಖಿಕ ಪರೀಕ್ಷೆ ಬಂತು. ನಮ್ಮಲ್ಲಿ ಅದು ಎಲ್ಲರಿಗೂ ತೆರೆದದ್ದು, ಯಾರು ಬೇಕಾದರೂ ಬಂದು ಕೂರಬಹುದು. ಹಾಗೆಂದ ಮೇಲೆ ನಮ್ಮವರು ಬಿಡುತ್ತಾರೆಯೇ? ಒಂದು ಟೆಂಪೊ ತುಂಬ ಬಂದರು. ಹಾರ, ಶಾಲು, ಡಬ್ಬಿಗಳಲ್ಲಿ ಊಟ, ಎಲ್ಲ ತಂದಿದ್ದರು. ಫೇಲಾದರೆ ಈ ಹಾರವನ್ನು ಏನು ಮಾಡುತ್ತಾರೆ ಎಂಬ ಯೋಚನೆಯಲ್ಲೇ ನನ್ನ ಅರ್ಧ ಜೀವ ಹೋಯಿತು. ಅತ್ತೆ ಇಸ್ತ್ರಿ ಮಾಡಿದ ಇಳಕಲ್ ಸೀರೆಯುಟ್ಟು ಮೊದಲ ಸಾಲಿನಲ್ಲಿ ಕೂತರು.

ಪರೀಕ್ಷಕರು ಮೈಸೂರಿನ ಕಡೆಯ ಹಿರಿಯರು. ಒಂದು ತಾಸು ನಾನು ಇಂಗ್ಲಿಷಿನಲ್ಲಿ ಮಾತಾಡಿದೆ, ಅವರು ಸಮಾಧಾನದಿಂದ ಕೇಳಿದರು. ಆಮೇಲೆ ಒಂದು ಕೈಯಲ್ಲಿ ಸಿನಾಪ್ಸಿಸ್, ಇನ್ನೊಂದು ಕೈಯಲ್ಲಿ ಪ್ರಬಂಧ ಎತ್ತಿ ಹಿಡಿದರು. ಇದರಲ್ಲಿ ಘರ್ಷಣೆ ಅಲೆಯನ್ನು ಬೆಳೆಸುತ್ತದೆ, ಇದರಲ್ಲಿ ಅಡಗಿಸುತ್ತದೆ, ಏನಿದು ಎಂದು ಇಂಗ್ಲಿಷಿನಲ್ಲೇ ಕೇಳಿದರು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಇನ್ನಷ್ಟು ಸೂಕ್ಷ್ಮ ವಿಶ್ಲೇಷಣೆಯ ನಂತರ ಹೀಗೆ ಬಂತು. ಹಿಂದೆ ಕೂತಿದ್ದ ಮಾರ್ಗದರ್ಶಕರು ತಲೆಯಾಡಿಸಿದರು.

ಪರೀಕ್ಷಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಅದು ಸರಿ ಅಮ್ಮಾ. ಸೂಕ್ಷ್ಮ ವಿಶ್ಲೇಷಣೆ ಅಂದರೆ ಏನು ಮಾಡಿದಿರಿ? ಕನ್ನಡದಲ್ಲೇ ಹೇಳಿ, ಎಲ್ಲರಿಗೂ ತಿಳಿಯಲಿ.”

ಈಗ ಅತ್ತೆಗೂ ಪ್ರಶ್ನೆ ಅರ್ಥವಾಯಿತು. ಕಣ್ಣೆತ್ತಿ ನನ್ನನ್ನೇ ನೋಡಿದರು. ಅದರಲ್ಲಿ ಬೇಡಿಕೆಯಿರಲಿಲ್ಲ, ಬೆದರಿಕೆಯೂ ಇರಲಿಲ್ಲ. ಉತ್ತರ ಗೊತ್ತಿದ್ದ ಬಾಯಾರು ವಿದ್ಯಾರ್ಥಿಯನ್ನು ನೋಡುವ ನೋಟ. ಏಳು ವರ್ಷ, ಹಾರ, ಟೆಂಪೊ, ಎಲ್ಲ ಕಣ್ಣ ಮುಂದೆ ಬಂದವು. ಆದರೂ ಅವರ ಎದುರಿಗೆ ಮತ್ತೊಂದು ಸಲ ಆ ಸುಳ್ಳು ಹೇಳಲು ನನ್ನ ಕೈಯಲ್ಲಿ ಆಗಲಿಲ್ಲ.

“ಸರ್, ವಿಶ್ಲೇಷಣೆ ಏನೂ ಇಲ್ಲ,” ಅಂದೆ. “ನಾನು ಒಂದು ಮೈನಸ್ ಬಿಟ್ಟಿದ್ದೆ. ಸಿನಾಪ್ಸಿಸ್‌ನಲ್ಲಿ ಇರುವುದು ತಪ್ಪು. ಆ ತಪ್ಪು ನಾನು ಹಿಡಿದದ್ದಲ್ಲ. ಇಲ್ಲಿ ಮೊದಲ ಸಾಲಿನಲ್ಲಿ ಕೂತಿದ್ದಾರಲ್ಲ, ನಮ್ಮ ಅತ್ತೆ, ಅವರು ಹಿಡಿದದ್ದು.”

ಮಾರ್ಗದರ್ಶಕರು ಚಾವಣಿ ನೋಡಿದರು. ಪರೀಕ್ಷಕರು ಅತ್ತೆಯ ಕಡೆಗೆ ತಿರುಗಿ ಕೈಮುಗಿದರು.

“ತಾಯಿ, ನಿಮಗೆ ನ್ಯೂಟ್ರಾನ್ ತಾರೆಯ ವಿಷಯ ಗೊತ್ತೇ?”

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. “ಏನೂ ಗೊತ್ತಿಲ್ರಿ ಸಾಹೇಬ್ರ. ಅದು ಹೆಂಗ ತಿರಗತೈತೋ, ಯಾಕ ತಿರಗತೈತೋ, ಒಂದೂ ತಿಳದಿಲ್ಲ.”

“ಹಾಗಾದರೆ ಅಲ್ಲಿ ಮೈನಸ್ ಇರಲೇಬೇಕು ಅಂತ ಹೇಗೆ ಖಾತ್ರಿಯಾಯಿತು? ತಪ್ಪು ನಿಮ್ಮದೇ ಆಗಿರಬಹುದಿತ್ತಲ್ಲ?”

“ನನಗೂ ಮೊದಲ ಖಾತ್ರಿ ಇರಲಿಲ್ರಿ,” ಅಂದರು ಅತ್ತೆ. “ತಪ್ಪು ನಂದಿದ್ರ ಈಕಿ ಆವಾಗನ ನಿಂತ ಕಾಲಮ್ಯಾಲೆ ಬೈತಿದ್ಲು. ಬೈಲಿಲ್ಲ. ಎಂಟು ದಿನ ಮಾತಾಡಲಿಲ್ಲ. ಆವಾಗ ಖಾತ್ರಿ ಆತ್ರಿ.”

ಹಾಲ್ ತುಂಬ ನಗೆ ಎದ್ದಿತು. ಪರೀಕ್ಷಕರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು, ನನ್ನ ಗಂಡ ಗೋಡೆಯ ಕಡೆಗೆ ಮುಖ ಮಾಡಿ ನಕ್ಕರು. ನನಗೂ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದೂ ನಾನು ಅತ್ತೆಗೆ ಒಂದು ಸಲವೂ ‘ನೀವು ಹೇಳಿದ್ದು ಸರಿ’ ಎಂದಿರಲಿಲ್ಲ. ಮೈಕು ಇನ್ನೂ ನನ್ನ ಮುಂದೆಯೇ ಇತ್ತು.

“ಅತ್ತೀ, ತಪ್ಪಾತ್ರಿ,” ಅಂದೆ.

“ಇರ್ಲಿ ಬಿಡವಾ,” ಅಂದರು ಅತ್ತೆ, ಕೂರುತ್ತ. “ಸಾಹೇಬ್ರ ಕಾಯಾಕತ್ತಾರ. ಮುಂದಿಂದು ಹೇಳು.”